ತೊಂಬತ್ತೊಂಬತ್ತು ಹುಣಸೆ ಬೀಜ

ನಮ್ಮ ಕಡೆ ನೆಂಟರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ಊರು ಹಿಡಿದು ಕರೆಯುತ್ತೇವೆ. ಜವಳಗಿರಿಯೋರು ಬಂದಿದ್ದರು, ಮತ್ತಿಗಿರಿ ಭಾವ ಫೋನು ಮಾಡಿದ್ದ, ಹೀಗೆ. ಗಡಿಯಾಚೆ ತಮಿಳುನಾಡಿಗೆ ಸೇರಿದ ನಮ್ಮೂರು ಗುಮ್ಮಳಾಪುರದ ಟೀ ಅಂಗಡಿಯಲ್ಲಿ ಜಗತ್ತಿನ ದೊಡ್ಡ ಬ್ಯಾಟ್ಸ್‌ಮನ್‌ಗಳಿಗೂ ಇದೇ ಮರ್ಯಾದೆ ಸಲ್ಲುತ್ತದೆ. ಆಸ್ಟ್ರೇಲಿಯದೋನು, ಬೊಂಬಾಯಿಯೋನು, ವೆಸ್ಟ್ ಇಂಡೀಸೋನು, ಬೆಂಗ್ಳೂರೋನು ಎಂದರೆ ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೆಣ್ಣು ಕೊಟ್ಟು ತಂದ ಮನೆಯವರ ಗುಣಾವಗುಣ ಮಾತಾಡುವ ಹಾಗೆ ಅವರ ಕವರ್ ಡ್ರೈವ್, ಹುಕ್, ತಾಳ್ಮೆ, ದುಡುಕು ಎಲ್ಲವನ್ನೂ ಅಲ್ಲಿ ಮಾತಾಡುತ್ತಾರೆ.

ಹೋದ ಸಂಕ್ರಾಂತಿ ಕಳೆದ ಮೇಲೆ ಈ ಮಾತು ಗೋಡೆಗೆ ಏರಿತು. ಊರ ಹೊರಗೆ, ನಮ್ಮ ಹಳೆಯ ಕಣಕ್ಕೆ ತಾಗಿದ ಮೈದಾನದ ಪಕ್ಕ ನೀರಿನ ಪಂಪು ಇರುವ ಕೋಣೆಯೊಂದಿದೆ. ಅದರ ಗೋಡೆಗೆ ಸುಣ್ಣ ಹೊಡೆಸಿ, ಮೇಲೆ ಜಗತ್ತಿನ ಅತಿ ಶ್ರೇಷ್ಠ ಬ್ಯಾಟ್ಸ್‌ಮನ್‌ಗಳ ಚಿತ್ರ, ಕೆಳಗೆ ನಮ್ಮೂರಿನಲ್ಲಿ ನೂರು ಹೊಡೆದವರ ಹೆಸರು ಬರೆಸಬೇಕೆಂದು ಕ್ರಿಕೆಟ್ ಆಡುವ ಹುಡುಗ ಹುಡುಗಿಯರು ತೀರ್ಮಾನ ಮಾಡಿದರು. ಮೇಲಿನ ಸಾಲಿಗೆ ನಾಲ್ಕು ಮಂದಿಯನ್ನು ಆರಿಸಲು ಟೀ ಅಂಗಡಿಗೆ ಎರಡು ವಾರ ಬೇಕಾಯಿತು. ಕೆಳಗಿನ ಸಾಲಿಗೆ ಎರಡು ನಿಮಿಷ ಸಾಕಾಗಬೇಕಿತ್ತು. ನೂರು ಹೊಡೆದಿದ್ದವರು ಇಬ್ಬರೇ, ಇಬ್ಬರೂ ಈಗಿನ ಹುಡುಗರು. ಆದರೆ ನನ್ನ ಚಿಕ್ಕಪ್ಪ ಒಪ್ಪಲಿಲ್ಲ.

ಚಿಕ್ಕಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ನಲವತ್ತು ವರ್ಷದ ಹಿಂದೆ ಜವಳಗಿರಿಯವರ ಮೇಲಿನ ಪಂದ್ಯದಲ್ಲಿ ಅವನು ಹೊಡೆದದ್ದು, ನಮ್ಮ ತಂಡದ ಸ್ಕೋರ್ ಪುಸ್ತಕದ ಪ್ರಕಾರ, ತೊಂಬತ್ತೊಂಬತ್ತು. ಅವನ ಪ್ರಕಾರ ನೂರು. ಪುಸ್ತಕ ಬರೆದವನು ನಾನು. ಅದು ಇವತ್ತಿಗೂ ನನ್ನ ಹತ್ತಿರವೇ ಇದೆ.

ಆ ದಿನ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಆಗ ನಮಗೆ ಮೈದಾನವೆಂದರೆ ರಾಗಿ ಕೊಯ್ದ ಹೊಲ, ಪಿಚ್ ಎಂದರೆ ನಮ್ಮ ಮನೆಯ ಕಣ. ಒಕ್ಕಣೆ ಮುಗಿದ ಮೇಲೆ ಕಣದಂಥ ನೆಲ ಬೇರೆಲ್ಲೂ ಸಿಗುತ್ತಿರಲಿಲ್ಲ. ಸಗಣಿ ಸಾರಿಸಿ, ಎತ್ತು ತುಳಿದು, ರೋಣಗಲ್ಲು ಉರುಳಿ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತಿತ್ತು. ಎತ್ತು ಸುತ್ತು ಹಾಕುವ ಮೇಟಿ ಕಂಬವೇ ಒಂದು ಕಡೆಯ ವಿಕೆಟ್. ಸ್ಕೋರು ಎಣಿಸುವುದಕ್ಕೆ ನಮ್ಮ ತಾತನನ್ನು ಕೂರಿಸಿದೆವು. ಊರಿನ ಯಾರ ಕಣದಲ್ಲೇ ರಾಶಿ ಅಳೆಯಲಿ, ತಾತ ಇದ್ದರೆ ತಕರಾರು ಇರುತ್ತಿರಲಿಲ್ಲ. ಜವಳಗಿರಿಯವರೂ ಅವನೆಂದರೆ ಒಪ್ಪಿದರು. ತಾತನಿಗೆ ಕ್ರಿಕೆಟ್ ಗೊತ್ತಿರಲಿಲ್ಲ. ಹೊಂಗೆ ಮರದ ಕೆಳಗೆ ಕೂತು, ಒಬ್ಬೊಬ್ಬ ಬ್ಯಾಟ್ಸ್‌ಮನ್‌ಗೆ ಒಂದೊಂದು ತೆಂಗಿನ ಚಿಪ್ಪು ಇಟ್ಟುಕೊಂಡು, ನಾವು ಕೂಗಿ ಹೇಳಿದಷ್ಟು ಹುಣಸೆ ಬೀಜ ಅದರೊಳಗೆ ಹಾಕುತ್ತಿದ್ದ. ವೈಡು, ನೋಬಾಲಿಗೆ ನಮ್ಮಲ್ಲಿ ರನ್ ಇರಲಿಲ್ಲ, ಚೆಂಡು ಮಾತ್ರ ಮತ್ತೆ ಹಾಕಿಸುತ್ತಿದ್ದೆವು. ಹಾಗಾಗಿ ಚಿಪ್ಪಿನಲ್ಲಿದ್ದದ್ದೇ ತಂಡದ ಲೆಕ್ಕ.

ಚಿಕ್ಕಪ್ಪ ತನ್ನ ರನ್ನನ್ನು ತಾನೇ ಎಣಿಸಿಕೊಳ್ಳುತ್ತಿದ್ದ. ನೂರಾಯಿತೆಂದು ಅನ್ನಿಸಿದ ತಕ್ಷಣ ಬ್ಯಾಟನ್ನು ಎತ್ತಿ ಹೊಲದ ನಾಲ್ಕು ದಿಕ್ಕಿಗೂ ತೋರಿಸಿದ. ನಾವು ಕೂಗಿದೆವು, ಜವಳಗಿರಿಯವರೂ ಚಪ್ಪಾಳೆ ತಟ್ಟಿದರು. ಮುಂದಿನ ಚೆಂಡನ್ನು ಆಕಾಶಕ್ಕೆ ಎತ್ತಿ ಕ್ಯಾಚ್ ಕೊಟ್ಟು ನಗುತ್ತಾ ಬಂದ. ಆಟ ಮುಗಿದ ಮೇಲೆ ನಾನು ಚಿಪ್ಪು ಬಗ್ಗಿಸಿ ಬೀಜ ಎಣಿಸಿದೆ. ತೊಂಬತ್ತೊಂಬತ್ತು. ಇನ್ನೊಂದು ಸಲ ಎಣಿಸಿದೆ. ಜವಳಗಿರಿಯವನೊಬ್ಬ ಮೂರನೆಯ ಸಲ ಎಣಿಸಿದ. ಅಷ್ಟೇ ಇತ್ತು.

ಅಂದಿನಿಂದ ಊರಿನಲ್ಲಿ ಯಾರಾದರೂ ಅವಸರಪಟ್ಟು ಸಂಭ್ರಮಿಸಿದರೆ “ಬ್ಯಾಟ್ ಎತ್ಬುಟ್ಟ ಕಣ್ಲಾ” ಅನ್ನುತ್ತಾರೆ. ಬಸ್ಸು ಬಂತೆಂದು ಎದ್ದು ನಿಂತವನಿಗೂ ಅದೇ ಮಾತು. ಚಿಕ್ಕಪ್ಪ ಇದಕ್ಕೆ ನಗುತ್ತಲೇ ಬಂದ. ಅವನಿಗೆ ನೋವಾದದ್ದು ಬೇರೆ ಕಾರಣಕ್ಕೆ. ಅದನ್ನು ಅವನು ನನಗೆ ಹೇಳಿದ್ದು ಗೋಡೆಗೆ ಸುಣ್ಣ ಬಳಿದ ದಿನ.

“ನಮ್ಮಪ್ಪ ಕಣ್ಲಾ ಎಣಿಸಿದ್ದು. ಊರೋರ್ಗೆಲ್ಲ ಕೊಳಗ ತುಂಬಿ ತುಳುಕೋ ಹಂಗೆ ಅಳೆದೋನು, ಹೆತ್ತ ಮಗುಂಗೆ ಒಂದ್ ಬೀಜ ಕಮ್ಮಿ ಹಾಕ್ಬುಟ್ನಲ್ಲ.”

“ತಾತ ಬೇಕಂತ ಮಾಡಿರಾಕಿಲ್ಲ ಚಿಕ್ಕಪ್ಪ.”

“ಹಂಗಾರೆ ತಿದ್ದು. ನೀನೇ ಬರ್ದಿದ್ದು, ನೀನೇ ತಿದ್ದು.”

“ಸಾಕ್ಷಿ ಕೊಡು, ತಿದ್ತೀನಿ.”

“ನಾನೇ ಸಾಕ್ಷಿ. ಓಡ್ದೋನು ನಾನು.”

“ಬ್ಯಾಟ್ಸ್‌ಮನ್ ಮಾತು ನಂಬೋದಾಗಿದ್ರೆ ಎಲ್‌ಬಿಡಬ್ಲ್ಯೂ ಅನ್ನೋದೇ ಇರ್ತಿರ್ನಿಲ್ಲ.”

“ಪೇಪರ್‌ನೋನು ನೀನು. ಕಲ್ಲಿಗಾದ್ರೂ ಕರುಣೆ ಐತೆ, ನಿಂಗಿಲ್ಲ” ಎಂದು ಎದ್ದು ಹೋದ. ಹತ್ತು ಹೆಜ್ಜೆ ಹೋದವನು ತಿರುಗಿ ನಿಂತು, “ಮನೆಗ್ ಬಾ, ಅವರೇಕಾಳು ಉಪ್ಸಾರು ಮಾಡವ್ರೆ” ಅಂದ.

ಬೆಂಗಳೂರಿನ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದೆ. ಎರಡು ಮೂಲಗಳಿಂದ ಖಚಿತವಾಗದ ಸುದ್ದಿಯನ್ನು ಹಿಡಿದಿಟ್ಟುಕೊಳ್ಳುವುದು ನನ್ನ ಕೆಲಸವಾಗಿತ್ತು. ಚಿಕ್ಕಪ್ಪನ ನೂರಕ್ಕೆ ಇದ್ದದ್ದು ಒಂದೇ ಮೂಲ, ಅದೂ ಫಲಾನುಭವಿಯದು. ತಾತ ತೀರಿಕೊಂಡು ಬಹಳ ವರ್ಷವಾಗಿತ್ತು. ಹುಡುಗರು ನನ್ನನ್ನು ಕೇಳಿದಾಗ ಪುಸ್ತಕದಲ್ಲಿ ಇರುವುದನ್ನು ಹೇಳಿದೆ. ಗೋಡೆಯ ಮೇಲೆ ಇಬ್ಬರ ಹೆಸರು ಎಂದು ನಿರ್ಧಾರವಾಯಿತು. ಚಿತ್ರ ಬರೆಯುವವನು ಹೊಸೂರಿನಿಂದ ಶನಿವಾರ ಬರುವವನಿದ್ದ.

ಆ ಶುಕ್ರವಾರ ಬೆಳಿಗ್ಗೆ ನಮ್ಮ ಅತ್ತೆ ಕರೆದಳು. ಅತ್ತೆ ಎಂದರೆ ಚಿಕ್ಕಪ್ಪನ ಅಕ್ಕ, ತಾತನ ಹಿರಿಯ ಮಗಳು. ಊರೊಳಗೇ ಕೊಟ್ಟಿದ್ದರು. ಈಗ ಎಲ್ಲರೂ ಮಿಷನ್ನಿನಲ್ಲಿ ರಾಗಿ ಒಕ್ಕಿಸಿದರೂ ಅತ್ತೆ ಒಂದು ಎಕರೆಯದನ್ನು ಹಳೆಯ ಕಣದಲ್ಲೇ ಮಾಡಿಸುತ್ತಾಳೆ. ಚೀಲದ ಬಾಯಿ ಹಿಡಿಯಲು ಒಬ್ಬರು ಬೇಕಿತ್ತು. ಹೋದೆ.

ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನವನನ್ನು, ಅಂದರೆ ಗಣಪನನ್ನು, ಇಟ್ಟು ಗರಿಕೆ ಸಿಕ್ಕಿಸಿದ್ದಳು. ಕೈ ಮುಗಿದು, ಕೊಳಗ ತುಂಬಿ, ಮೊದಲನೆಯದನ್ನು ಪಕ್ಕದಲ್ಲಿ ಹಾಸಿದ್ದ ಬಟ್ಟೆಯ ಮೇಲೆ ಸುರಿದಳು. ಎರಡನೆಯ ಕೊಳಗವನ್ನು ನನ್ನ ಚೀಲಕ್ಕೆ ಹಾಕುತ್ತಾ “ಒಂದು” ಅಂದಳು.

ಮೊದಲ ಕೊಳಗ ದೇವರಿಗೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ಅದನ್ನು ಎಣಿಕೆಯಲ್ಲೇ ಸೇರಿಸುವುದಿಲ್ಲ ಎಂಬುದನ್ನು ನಾನು ಅಷ್ಟು ವರ್ಷ ಗಮನಿಸಿರಲಿಲ್ಲ. ಡೆಸ್ಕಿನ ಚಾಳಿ, ಬಾಯಿ ಸುಮ್ಮನಿರಲಿಲ್ಲ.

“ಅತ್ತೆ, ಇದು ಎರಡಲ್ವಾ?”

“ಎರಡೆಂಗಾಯ್ತದೆ? ಅದು ದೇವ್ರುದು. ಲೆಕ್ಕುಕ್ಕೆ ಬರಾಕಿಲ್ಲ.”

“ಯಾವಾಗ್ಲೂ ಹಿಂಗೇನಾ?”

“ನಿಮ್ತಾತ ಹಂಗೇ ಮಾಡ್ತಿದ್ದುದ್ದು. ಕಣದಾಗೆ ಕುಂತು ಏನೇ ಎಣಿಸ್ಲಿ, ಮೊದಲ್ನೇದು ಪಕ್ಕುಕ್ಕೆ. ರಾಗಿ ಆಗ್ಲಿ, ಹುರುಳಿ ಆಗ್ಲಿ, ಕುಂಬಳಕಾಯಿ ಆಗ್ಲಿ. ಕಣ ಅಂದ್ರೆ ದೇವ್ರ ಮನೆ ಅಂತಿದ್ದ. ಚೀಲ ನೆಟ್ಟಗೆ ಇಡ್ಕಳಲಾ, ಚೆಲ್ತಾ ಐತೆ.”

ರಾಗಿ ನನ್ನ ಕಾಲಿನ ಮೇಲೆ ಚೆಲ್ಲಿತ್ತು. ತಾತ ಕ್ರಿಕೆಟ್ ಎಣಿಸಿದ್ದೂ ಇದೇ ಕಣದಲ್ಲಿ.

ಒಂಬತ್ತು ಚೀಲ ಮುಗಿಯುವವರೆಗೆ ಅತ್ತೆ ನನ್ನನ್ನು ಅಲ್ಲಾಡಲು ಬಿಡಲಿಲ್ಲ. ಮುಗಿದ ಮೇಲೆ ಈಗ ನಾನಿರುವ ಮತ್ತಿಗಿರಿಗೆ ಬಸ್ಸು ಹಿಡಿದು, ಮನೆಯ ಟ್ರಂಕಿನಿಂದ ಸ್ಕೋರ್ ಪುಸ್ತಕ ತೆಗೆದೆ. ನೂರು ಪುಟದ ಸ್ಕೂಲ್ ನೋಟ್‌ಬುಕ್ಕು. ಆ ಪಂದ್ಯದ ಪುಟದಲ್ಲಿ ನಮ್ಮ ಆರು ಜನ ರನ್ ಮಾಡಿದ್ದರು: ತೊಂಬತ್ತೊಂಬತ್ತು, ಮೂವತ್ತೊಂದು, ಇಪ್ಪತ್ತೆರಡು, ಹದಿನಾಲ್ಕು, ಒಂಬತ್ತು, ಐದು. ಮಿಕ್ಕವರೆಲ್ಲ ಸೊನ್ನೆ. ಒಟ್ಟು ನೂರ ಎಂಬತ್ತು. ಅದರ ಕೆಳಗೆ, ನನ್ನದೇ ಕೈಬರಹದಲ್ಲಿ, ಒಂದು ಸಾಲು: ಜವಳಗಿರಿಯವರ ಲೆಕ್ಕದಲ್ಲಿ ನೂರ ಎಂಬತ್ತೇಳು.

ಆ ಸಾಲನ್ನು ನಾನು ಮರೆತೇಬಿಟ್ಟಿದ್ದೆ. ಜವಳಗಿರಿಯ ತಂಡದಲ್ಲಿ ಶಾಲೆಯ ಮೇಷ್ಟರೊಬ್ಬರಿದ್ದರು. ಅವರು ತಮ್ಮ ಪಾಡಿಗೆ ಪೆನ್ಸಿಲ್ಲಿನಲ್ಲಿ ನಮ್ಮ ತಂಡದ ಒಟ್ಟು ರನ್ನನ್ನು ಗುರುತು ಹಾಕಿಕೊಂಡಿದ್ದರು. ಹೇಗಿದ್ದರೂ ನಾವು ಗೆದ್ದಿದ್ದೆವು, ಹಾಗಾಗಿ ಏಳರ ವ್ಯತ್ಯಾಸಕ್ಕೆ ಯಾರೂ ಜಗಳ ಮಾಡಲಿಲ್ಲ. ಕಾಡಂಚಿನ ಜವಳಗಿರಿಯಲ್ಲಿ ಆನೆ ಓಡಿಸುವವರಿಗೆ ಕೂಡುವ ಲೆಕ್ಕ ಯಾಕೆ ಎಂದು ನಮ್ಮವರು ಆ ಮೇಷ್ಟರನ್ನು ವರ್ಷಗಟ್ಟಲೆ ಆಡಿಕೊಂಡರು.

ಪೆನ್ನು ತೆಗೆದು ಲೆಕ್ಕ ಹಾಕಿದೆ. ತಾತ ಪ್ರತಿಯೊಬ್ಬ ಬ್ಯಾಟ್ಸ್‌ಮನ್ನನ ಮೊದಲ ರನ್ನನ್ನು ಪಕ್ಕಕ್ಕೆ ಇಟ್ಟಿದ್ದರೆ, ಆರು ಜನಕ್ಕೆ ಆರು ರನ್ ಕಡಿಮೆಯಾಗಬೇಕು. ವ್ಯತ್ಯಾಸ ಏಳು. ಇನ್ನೊಂದು ಎಲ್ಲಿ?

ಹೆಚ್ಚು ಹೊತ್ತು ಹುಡುಕಬೇಕಾಗಲಿಲ್ಲ. ಪಟ್ಟಿಯ ಕೊನೆಯ ಹೆಸರು ನನ್ನದು, ಎದುರಿಗೆ ಸೊನ್ನೆ. ಆ ದಿನ ನಾನು ಒಂದು ರನ್ ಓಡಿದ್ದೆ. ಓಡುವಾಗ ಬರಿಗಾಲಿಗೆ ಜಾಲಿ ಮುಳ್ಳು ಚುಚ್ಚಿ, ಸಂಜೆಯವರೆಗೆ ಕುಂಟಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ನನ್ನ ಚಿಪ್ಪು ಖಾಲಿಯಿತ್ತು. ಚೆಂಡು ಬ್ಯಾಟಿಗೆ ತಾಗದೆ ಕಾಲಿಗೆ ತಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಸೊನ್ನೆ ಬರೆದಿದ್ದೆ. ಹದಿನೆಂಟನೆಯ ವಯಸ್ಸಿನಲ್ಲೇ ನನ್ನ ಕಾಲಿಗಿಂತ ದಾಖಲೆಯನ್ನು ಹೆಚ್ಚು ನಂಬಿದ್ದೆ. ಅಂಥವನಿಗೆ ಡೆಸ್ಕಿನಲ್ಲಲ್ಲದೆ ಬೇರೆಲ್ಲೂ ಕೆಲಸ ಸಿಗುವಂತಿರಲಿಲ್ಲ.

ಆರು ಮತ್ತು ಒಂದು, ಏಳು. ಮೇಷ್ಟರ ಪೆನ್ಸಿಲ್ಲು ಒಂದು ಮೂಲ, ಅತ್ತೆಯ ಕೊಳಗ ಇನ್ನೊಂದು. ತಾತನ ಪಕ್ಕದ ಕಲ್ಲಿನ ಮೇಲೆ ಏಳು ಬೀಜ ಸಾಲಾಗಿ ಇದ್ದದ್ದು ಈಗ ನನ್ನ ಕಣ್ಣಿಗೆ ಕಟ್ಟುತ್ತದೆ. ಅದು ನಿಜವಾಗಿ ಕಂಡದ್ದೋ ಲೆಕ್ಕ ಸರಿಹೋದ ಮೇಲೆ ಹುಟ್ಟಿದ್ದೋ ಹೇಳಲಾರೆ. ಆದ್ದರಿಂದ ಅದನ್ನು ಸಾಕ್ಷಿಯಾಗಿ ತೆಗೆದುಕೊಂಡಿಲ್ಲ.

ಶನಿವಾರ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಚಿತ್ರದವನು ಏಣಿಯ ಮೇಲಿದ್ದ. ಮೇಲಿನ ಸಾಲಿನ ನಾಲ್ವರೂ ಹೆಚ್ಚು ಕಡಿಮೆ ಒಂದೇ ಮುಖದವರಾಗಿ ಮೂಡಿದ್ದರು, ಟೋಪಿ ಮಾತ್ರ ಬೇರೆ ಬೇರೆ. ಅವನು ಚಿಕ್ಕಪ್ಪನನ್ನು ನೋಡಿ, “ಅಣ್ಣಾ, ಇದುಲ ನಮ್ಮ ತಮಿಳುನಾಡು ಆಳು ಯಾರುಮೇ ಇಲ್ಲೆಯಾ?” ಎಂದು ಕೇಳಿದ.

“ನಾವೇ ತಮಿಳ್ನಾಡಲ್ವೇನಪ್ಪ. ರೇಷನ್ ಕಾರ್ಡ್ ತಂದು ತೋರುಸ್ಲಾ? ನನ್ನ ಬರಿ” ಅಂದ ಚಿಕ್ಕಪ್ಪ. ನಾಲ್ಕೂ ಕಡೆ ನಗು ಎದ್ದಿತು. “ಬ್ಯಾಟ್ ಎತ್ಬುಟ್ಟ!” ಎಂದು ಯಾರೋ ಕೂಗಿದರು.

ನಾನು ಪುಸ್ತಕ ಬಿಚ್ಚಿ, ಅವನನ್ನು ಹೊಂಗೆ ಮರದ ಕೆಳಗೆ ಕೂರಿಸಿ, ಅಂಕಿ ಅಂಕಿಯಾಗಿ ತೋರಿಸಿದೆ. ಲೇತ್ ಮೇಲೆ ಕೂದಲಗಲ ಅಳೆದವನು, ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಏಳಕ್ಕೆ ಏಳು ಸರಿಹೋದ ತಕ್ಷಣ ನನ್ನ ಮೊಣಕೈ ಹಿಡಿದ.

“ಅಂಗಾರೆ ನಮ್ಮಪ್ಪ ನಂಗೆ ಕಮ್ಮಿ ಹಾಕ್ನಿಲ್ಲ.”

“ಇಲ್ಲ. ನಿನ್ನ ಮೊದಲ್ನೇ ರನ್ನು ದೇವ್ರಿಗೆ ಇಟ್ಟವ್ನೆ.”

“ನಂದು ಒಬ್ಬಂದೇ?”

“ಎಲ್ಲಾರ್ದೂ. ನಂದೂ.”

“ನಿಂದ್ಯಾವ್ದು? ನೀನು ಸೊನ್ನೆ ಅಲ್ವಾ?”

“ಒಂದು. ನಂದೊಂದೇ ಇದ್ದುದ್ದು, ಅದೂ ದೇವ್ರಿಗೆ ಹೋಯ್ತು.”

ಚಿಕ್ಕಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎದ್ದು ನಿಂತು, ಟೀ ಅಂಗಡಿಯವರೆಗೆ ಕೇಳುವ ಹಾಗೆ “ನೂರು ಕಣ್ರೋ!” ಎಂದು ಕೂಗಿದ. ಹುಡುಗರು ಓಡಿ ಬಂದು ಪುಸ್ತಕ ಕಸಿದು ಲೆಕ್ಕ ಹಾಕಿ, ಶಿಳ್ಳೆ ಹೊಡೆದರು. ಚಿತ್ರದವನು ಕುಂಚ ಅದ್ದಿಕೊಂಡು ಹೆಸರಿನ ಕಾಗುಣಿತ ಕೇಳಿದ. ಅಷ್ಟರಲ್ಲಿ ಚಿಕ್ಕಪ್ಪ ಕೈ ಅಡ್ಡ ಹಿಡಿದ.

“ತಡಿ, ತಡಿ” ಅಂದ. “ದೇವ್ರಿಗೆ ಇಟ್ಟಿದ್ದು ಅಂದ್ಮೇಲೆ ಅದು ನಂದೆಂಗಾಯ್ತದೆ? ರಾಶಿಲಿ ದೇವ್ರಿಗೆ ಸುರಿದುದ್ದ ಚೀಲುಕ್ಕೆ ತುಂಬ್ಕೊಂಡಂಗೆ ಆಗಾಕಿಲ್ವಾ?”

ನಲವತ್ತು ವರ್ಷ ಒಂದು ರನ್ನಿಗಾಗಿ ನನ್ನ ಜೊತೆ ಜಗಳವಾಡಿದವನು, ಅದು ಸಿಕ್ಕ ಹತ್ತನೆಯ ನಿಮಿಷಕ್ಕೆ ಬೇಡವೆಂದ. ಹುಡುಗರು ಸಮಾಧಾನ ಹೇಳಿದರು, ನಾನೂ ಹೇಳಿದೆ. ದಾಖಲೆಯ ಪ್ರಕಾರ ಹೊಡೆದವನಿಗೇ ರನ್ನು, ಅದನ್ನು ಆಮೇಲೆ ಯಾರಿಗೆ ಕೊಟ್ಟರೂ ದಾಖಲೆ ಬದಲಾಗುವುದಿಲ್ಲ ಎಂದೆ. “ನಿನ್ ಪೇಪರ್ ನ್ಯಾಯ ಕಣದಾಗೆ ನಡೆಯಾಕಿಲ್ಲ” ಎಂದು ತಲೆ ಆಡಿಸಿಬಿಟ್ಟ. ಏಣಿಯ ಮೇಲಿದ್ದವನು “ಸೀಕ್ರಂ ಸೊಲ್ಲುಂಗ ಸಾರ್, ಬಣ್ಣ ಕಾಯ್ದು” ಎಂದು ಒಣಗುತ್ತಿದ್ದ ಬಣ್ಣ ತೋರಿಸಿ ಅವಸರಿಸಿದ. ಕೊನೆಗೆ ವಿಷಯ ಅತ್ತೆಯ ಹತ್ತಿರ ಹೋಯಿತು.

ಅತ್ತೆ ಮೊರದಲ್ಲಿ ಅವರೆ ಕಾಳು ಕೇರುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ಆಮೇಲೆ ಆ ಏಳು ಬೀಜ ಏನ್ ಮಾಡ್ದ್ರಿ?” ಎಂದು ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ.

“ದೇವ್ರಿಗ್ ಇಟ್ಟಿದ್ದ ಗುಡಿಗೂ ಕೊಡ್ದೆ, ಮನೆಗೂ ತರ್ದೆ, ಅಲ್ಲೇ ಬುಟ್ಟು ಬಂದವ್ರೆ. ನೂರು ನಿಂದೇ ಕಣಪ್ಪ, ಬರ್ಸ್ಕೋ. ಆದ್ರೆ ಅದುಕ್ ಮುಂಚೆ ದೇವ್ರಿಗೆ ಒಂದ್ ರನ್ನು ಓಡ್ಬುಡು. ಸರಿಹೋಯ್ತದೆ.”

“ಈ ಮಂಡಿ ಇಟ್ಕೊಂಡಾ ಅಕ್ಕಾ? ಯಾರಾದ್ರೂ ಹುಡುಗ್ರು ನನ್ ಬದ್ಲು ಓಡ್ಲಿ, ನಾನು ಹೊಡಿತೀನಿ.”

“ಹರಕೆ ಒಪ್ಪುಸ್ವಾಗ ಆಳು ಇಡ್ತಾರೇನ್ಲಾ? ನೀನೇ ಓಡ್ಬೇಕು.”

ಹೀಗೆ ಗೋಡೆಯ ಮೇಲಿನ ಮೂರನೆಯ ಹೆಸರು ಭಾನುವಾರದ ಒಂದು ರನ್ನಿಗೆ ಕಾದು ನಿಂತಿತು.

ಭಾನುವಾರ ಆಟ ಹಳೆಯ ಕಣದಲ್ಲೇ ಆಗಬೇಕೆಂದು ಅತ್ತೆ ಹೇಳಿದ್ದಳು. ಮೇಟಿ ಕಂಬ ಈಗ ಇಲ್ಲ, ಅದರ ಗುಳಿಯಲ್ಲಿ ಸ್ಟಂಪು ನೆಟ್ಟೆವು. ಆ ತುದಿಯಲ್ಲಿ ನಾನು ನಿಂತೆ. ಬೌಲಿಂಗಿಗೆ ಬಂದವಳು ಅತ್ತೆಯ ಮೊಮ್ಮಗಳು. ಹೊಸೂರಿನ ಮೊಬೈಲ್ ಬಿಡಿಭಾಗದ ಕಂಪನಿಯಲ್ಲಿ ಕೆಲಸ, ಬೆಳಗಿನ ಶಿಫ್ಟನ್ನು ಬೇರೆಯವರಿಗೆ ಬದಲಾಯಿಸಿಕೊಟ್ಟು ಬಂದಿದ್ದಳು. ಊರಿನಲ್ಲಿ ಅವಳಷ್ಟು ವೇಗವಾಗಿ ಎಸೆಯುವ ಹುಡುಗ ಒಬ್ಬನೂ ಇಲ್ಲ.

“ಕೂಸೇ, ನಿಧಾನಕ್ ಹಾಕು. ದೇವ್ರ್ ಕೆಲ್ಸ ಇದು” ಅಂದ ಚಿಕ್ಕಪ್ಪ.

“ದೇವ್ರಿಗೆ ಕೊಡೋ ರನ್ನು ಪುಗಸಟ್ಟೆದು ಆಗ್ಬಾರ್ದು ತಾತ. ನೆಟ್ಟಗ್ ನಿಂತ್ಕೊ.”

ಮೊದಲ ಚೆಂಡು ಬ್ಯಾಟಿನ ಹತ್ತಿರಕ್ಕೂ ಬಾರದೆ ಹಿಂದಕ್ಕೆ ಹೋಯಿತು, ಚಿಕ್ಕಪ್ಪ ಅದು ಹೋದ ಮೇಲೆ ಬೀಸಿದ. ಎರಡನೆಯದು ತೊಡೆಗೆ ಬಡಿಯಿತು. ಅವಳು ಎರಡೂ ಕೈ ಎತ್ತಿ ಅಪೀಲು ಮಾಡಿದಳು. ಅಂಪೈರಾಗಿ ನಿಂತಿದ್ದ ಟೀ ಅಂಗಡಿಯವನು ಅತ್ತೆಯ ಮುಖ ನೋಡಿ ಔಟಲ್ಲ ಎಂದು ತಲೆಯಾಡಿಸಿದ. ಪಕ್ಕದ ಗೋಡೆಯ ಏಣಿಯ ಮೇಲೆ ಕುಂಚ ಹಿಡಿದು ಕೂತಿದ್ದವನು “ಅಣ್ಣಾ, ಒರು ರನ್ನುದಾನೇ! ಓಡುಂಗಣ್ಣಾ!” ಎಂದು ಕೂಗಿದ.

ಮೂರನೆಯ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಹೊಂಗೆ ಮರದ ಕಡೆ ಉರುಳಿತು. ಟೀ ಅಂಗಡಿಯಲ್ಲಿ ವಾರಗಟ್ಟಲೆ ವರ್ಣಿಸಿದ ಯಾವ ಶ್ರೇಷ್ಠ ಹೊಡೆತಕ್ಕೂ ಅದು ಹೋಲುತ್ತಿರಲಿಲ್ಲ. ನಾನು “ಬಾ” ಎಂದೆ. ಚಿಕ್ಕಪ್ಪ ಲುಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾಟು ಚಾಚಿಕೊಂಡು ಓಡಿದ. ನಡುವೆ ಒಬ್ಬರನ್ನೊಬ್ಬರು ದಾಟುವಾಗ ಅವನು ನಗುತ್ತಿದ್ದ, ಉಸಿರಿಗಿಂತ ನಗುವೇ ಹೆಚ್ಚಾಗಿತ್ತು. ಎಸೆದ ಚೆಂಡು ಸ್ಟಂಪಿಗೆ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಗುಳಿಯ ಹತ್ತಿರ ಬ್ಯಾಟು ಊರಿ, ಅದರ ಮೇಲೆ ಭಾರ ಬಿಟ್ಟು ನಿಂತ.

ಇಡೀ ಕಣ ಕೂಗಿತು. ಚಿತ್ರದವನು ಅವನ ಹೆಸರು ಬರೆದು, ಮುಂದೆ ಒಂದು, ಸೊನ್ನೆ, ಸೊನ್ನೆ ಬರೆದ. ಚಿಕ್ಕಪ್ಪ ಬ್ಯಾಟ್ ಎತ್ತಲಿಲ್ಲ.

“ಎತ್ತು ತಾತ, ಈಗ ಎತ್ತು!” ಎಂದು ಹುಡುಗರು ಕಿರುಚಿದರು.

“ಎತ್ತಾಕಿಲ್ಲ ಹೋಗ್ರಲಾ. ಒಂದ್ ಸಲ ಎತ್ತಿ ಅನುಭವಿಸಿದ್ದು ಸಾಕು” ಅಂದ. ಆಮೇಲೆ ಬ್ಯಾಟಿಂಗ್ ತುದಿಗೆ ವಾಪಸ್ ನಡೆದು, ಅಲ್ಲಿ ನಿಂತಿದ್ದ ನನ್ನನ್ನು ಆಚೆ ತಳ್ಳಿದ. “ಅದು ದೇವ್ರುದು. ಇವಾಗ ನಂದು ಶುರು.”

ನಿಯಮದ ಪ್ರಕಾರ ಮುಂದಿನ ಚೆಂಡು ನನ್ನದಾಗಬೇಕಿತ್ತು. ಆದರೂ ಪಕ್ಕಕ್ಕೆ ಸರಿದು ನಿಂತೆ. ಮೊಮ್ಮಗಳು ಹಿಂದಕ್ಕೆ ಹೋಗಿ ಮೊದಲಿಗಿಂತ ನಾಲ್ಕು ಹೆಜ್ಜೆ ಹೆಚ್ಚು ಓಡಿ ಬಂದಳು. ನಡುವಿನ ಸ್ಟಂಪು ಕಿತ್ತುಹೋಗಿ ಅವರೆ ಗಿಡದ ಸಾಲಿಗೆ ಬಿತ್ತು.

ಅವನು ಹೊಂಗೆ ಮರದ ಕೆಳಗೆ ಬಂದು ಕೂತ. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಅತ್ತೆ ಸೆರಗಿನ ಗಂಟಿನಿಂದ ಒಂದು ಹುಣಸೆ ಬೀಜ ತೆಗೆದು ಪಕ್ಕದ ಕಲ್ಲಿನ ಮೇಲೆ ಇಟ್ಟಳು. ನಾನು ಹೊಸ ಪುಟ ತೆಗೆದು, ದಿನ ಬರೆದು, ಒಂದು ರನ್ ಎಂದು ಗುರುತು ಹಾಕಲು ಹೊರಟೆ.

ಚಿಕ್ಕಪ್ಪ ಬಗ್ಗಿ ಪುಸ್ತಕ ನೋಡಿದ.

“ಏನ್ಲಾ ಬರೀತಿದ್ದೀಯಾ? ಒಂದಲ್ಲ, ಸೊನ್ನೆ ಬರಿ. ಕಣದ ಲೆಕ್ಕ ಅದು. ನಮ್ಮಪ್ಪ ಇದ್ದಿದ್ರೆ ಸೊನ್ನೆ ಅಂತಿದ್ದ.”

“ನಿಜವಾಗ್ಲೂ ಬರೀಲಾ?”

“ಬರಿ. ಆಸ್ಟ್ರೇಲಿಯದೋನೂ ಕೊನೇ ಆಟದಾಗೆ ಸೊನ್ನೆನೇ ಅಲ್ವಾ? ಅವ್ನನ್ನ ಗೋಡೆ ಮ್ಯಾಲಿಂದ ಯಾರಾದ್ರೂ ಇಳ್ಸಿದ್ರಾ?”

ಹೊಡೆದವನು ಹೇಳಿದ್ದ, ಕಲ್ಲಿನ ಮೇಲೆ ಬೀಜವೂ ಇತ್ತು. ಎರಡು ಮೂಲ. ಸೊನ್ನೆ ಬರೆದೆ.